ಹಣೆದೀಪಕ್ಕೆ ಸೊಂಟದ ಬ್ಯಾಟರಿ

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರಾದರೂ ರಾತ್ರಿ ಹೊತ್ತು ಹೊಲಕ್ಕೆ ನೀರು ಹಾಯಿಸಲು ಹೋಗುತ್ತಾರೆಯೇ? ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಎಷ್ಟೋ ದಿನ ರಾತ್ರಿಯೇ ಬರುತ್ತದೆ. ಬಂದಾಗ ಎದ್ದು ಹೋಗಲೇಬೇಕು. ಒಂದು ಕೈಯಲ್ಲಿ ಟಾರ್ಚು ಹಿಡಿದರೆ ಗುದ್ದಲಿಯಿಂದ ಮಣ್ಣು ಎಳೆಯುವುದು ಹೇಗೆ? ಅದಕ್ಕೇ ತಲೆಗೆ ಕಟ್ಟುವ ಟಾರ್ಚು ಈಗ ಹಳ್ಳಿಯ ಅಂಗಡಿಗಳಲ್ಲೂ ಸಿಗುತ್ತದೆ. ಕರಾವಳಿಯಲ್ಲಿ ನಸುಕಿನಲ್ಲೇ ರಬ್ಬರ್ ಹಾಲು ತೆಗೆಯಲು ಹೋಗುವವರೂ ಇದನ್ನು ಕಟ್ಟಿಕೊಳ್ಳುತ್ತಾರೆ. ಈ ಲೇಖನದಲ್ಲಿ ಇದನ್ನು ಹಣೆದೀಪ ಎಂದು ಕರೆಯೋಣ.

ಒಮ್ಮೆ ನಾನು ಒಂದು ಶಾಲೆಗೆ ಹೋಗಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ಕೆಟ್ಟುಹೋದ ಹಣೆದೀಪವೊಂದನ್ನು ತಂದು ತೋರಿಸಿದ. ಹಿಂದಿನ ವಾರ ಅವನ ತಂದೆ ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸುತ್ತಿದ್ದಾಗ ದೀಪ ಮಂಕಾಗಿತ್ತಂತೆ. ಬದುವಿನ ಮೇಲೆ ಕೊಳಕುಮಂಡಲ ಮಲಗಿದ್ದು ಕಾಣಲೇ ಇಲ್ಲ. ಅದು ಬುಸುಗುಟ್ಟಿದ್ದರಿಂದ ಅವರು ಹಿಂದೆ ಜಿಗಿದು ಪಾರಾದರು. ಇನ್ನು ಮುಂದೆ ಅಪ್ಪನ ದೀಪ ನಡುವೆ ಆರಬಾರದೆಂದು ಹುಡುಗ ಮೂರು ಸೆಲ್ಲಿನ ಜೊತೆಗೆ ನಾಲ್ಕನೆಯದನ್ನೂ ವೈರಿನಿಂದ ಸೇರಿಸಿದ. ದೀಪ ಒಮ್ಮೆ ಝಗ್ಗೆಂದು ಉರಿಯಿತು. ಸ್ವಲ್ಪ ಹೊತ್ತಿಗೆ ಸತ್ತೇಹೋಯಿತು.

"ಸಾರ್, ಮೂರಕ್ಕಿಂತ ನಾಲ್ಕು ಸೆಲ್ಲು ಜಾಸ್ತಿ ಹೊತ್ತು ಉರಿಯಬೇಕಲ್ಲವಾ?" ಎಂದು ಕೇಳಿದ. ಪ್ರಶ್ನೆ ಬಹಳ ಒಳ್ಳೆಯದು. ಉತ್ತರ ಹುಡುಕೋಣ ಬನ್ನಿ.

ಸೆಲ್ಲು ಮತ್ತು ಬ್ಯಾಟರಿ

ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೇ ‘ಬ್ಯಾಟರಿ’ ಎನ್ನುವುದುಂಟು. ವಿಜ್ಞಾನದಲ್ಲಿ ಹಾಗಲ್ಲ. ಒಂಟಿಯಾಗಿರುವುದು ಸೆಲ್ಲು, ಅಂದರೆ ವಿದ್ಯುತ್ಕೋಶ. ಹಲವು ಕೋಶಗಳನ್ನು ಜೋಡಿಸಿದರೆ ಬ್ಯಾಟರಿ. 1800ರಲ್ಲಿ ಇಟಲಿಯ ವೋಲ್ಟಾ ಇಂಥ ಮೊದಲ ಬ್ಯಾಟರಿಯನ್ನು ಪ್ರಕಟಪಡಿಸಿದ. ಈಗ ಟಾರ್ಚಿಗೆ ಹಾಕುವ ಸಾಧಾರಣ ಶುಷ್ಕಕೋಶದಲ್ಲಿ ಹೊರಗಿನ ಡಬ್ಬಿ ಸತುವಿನದು, ನಡುವಿನ ಕಡ್ಡಿ ಇಂಗಾಲದ್ದು. ಕಡ್ಡಿಯ ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸಿದ ಕಪ್ಪು ಪುಡಿ ಇರುತ್ತದೆ. ಕೋಶ ಕೆಲಸ ಮಾಡಿದಂತೆ ಸತು ಸವೆಯುತ್ತದೆ. ಸತುವೇ ಅದರ ಬುತ್ತಿ ಎನ್ನಬಹುದು.

ತೊಟ್ಟಿಯ ಎತ್ತರ, ತೊಟ್ಟಿಯ ಅಗಲ

ಮಾಳಿಗೆಯ ಮೇಲಿನ ನೀರಿನ ತೊಟ್ಟಿಯನ್ನು ನೆನಪಿಸಿಕೊಳ್ಳಿ. ತೊಟ್ಟಿಯನ್ನು ಎತ್ತರಕ್ಕೆ ಏರಿಸಿದರೆ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆ. ಆದರೆ ತೊಟ್ಟಿಯಲ್ಲಿರುವ ನೀರು ಹೆಚ್ಚುವುದಿಲ್ಲ, ಬದಲಿಗೆ ಬೇಗ ಖಾಲಿಯಾಗುತ್ತದೆ. ಎತ್ತರ ಅಷ್ಟೇ ಇಟ್ಟು ತೊಟ್ಟಿಯನ್ನು ಅಗಲ ಮಾಡಿದರೆ ನೀರು ಅದೇ ಜೋರಿನಲ್ಲಿ ಹೆಚ್ಚು ಹೊತ್ತು ಬರುತ್ತದೆ.

ವಿದ್ಯುತ್ತಿನಲ್ಲಿ ಈ ಎತ್ತರಕ್ಕೆ ವೋಲ್ಟ್ ಎನ್ನುತ್ತೇವೆ. ಒಂದು ಹೊಸ ಶುಷ್ಕಕೋಶದ್ದು 1.5 ವೋಲ್ಟ್. ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗುವಂತೆ ಸಾಲಾಗಿಟ್ಟರೆ ಅದು ಸರಣಿ ಜೋಡಣೆ. ಮೂರು ಕೋಶಕ್ಕೆ 4.5 ವೋಲ್ಟ್, ನಾಲ್ಕಕ್ಕೆ 6 ವೋಲ್ಟ್. ನಮ್ಮ ಹುಡುಗ ತೊಟ್ಟಿಯನ್ನು ಅಗಲ ಮಾಡಲಿಲ್ಲ, ಎತ್ತರಿಸಿದ! ಹಣೆದೀಪದಲ್ಲಿರುವುದು ಎಲ್‌ಇಡಿ. ವೋಲ್ಟ್ ಸ್ವಲ್ಪ ಏರಿದರೂ ಅದರಲ್ಲಿ ಹರಿಯುವ ಪ್ರವಾಹ ಬಹಳ ಏರುತ್ತದೆ. ಆಗ ಬಿಸಿಯಾಗಿ ಸುಟ್ಟುಹೋಗುತ್ತದೆ. ಸುಡದೆ ಉಳಿದಿದ್ದರೂ ಕೋಶಗಳು ಮೊದಲಿಗಿಂತ ಬೇಗ ಖಾಲಿಯಾಗುತ್ತಿದ್ದವು.

ಹಾಗಾದರೆ ಬೇಕಾದದ್ದು ಅದೇ 4.5 ವೋಲ್ಟಿನ, ಆದರೆ ಅಗಲವಾದ ತೊಟ್ಟಿ.

ತೂಕ ಮಾಡಿ ನೋಡಿ

ಅಂಗಡಿಯಲ್ಲಿ ಮೂರು ಗಾತ್ರದ ಸೆಲ್ಲುಗಳಿವೆ: ಟಿವಿ ರಿಮೋಟಿಗೆ ಹಾಕುವ ಸಣ್ಣದು, ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ಲು, ಹಳೆಯ ಟಾರ್ಚಿನ ದೊಡ್ಡ ಸೆಲ್ಲು. ಮೂರರ ಮೇಲೂ ಬರೆದಿರುವುದು 1.5 ವೋಲ್ಟ್ ಎಂದೇ! ಸಣ್ಣ ತಕ್ಕಡಿಯಲ್ಲಿ ಇವನ್ನು ತೂಗಿ ನೋಡಿ. ಸಾಧಾರಣ ಸಣ್ಣ ಸೆಲ್ಲು 10 ಗ್ರಾಂ ಸಹ ಇರುವುದಿಲ್ಲ. ದೊಡ್ಡದು 90ರಿಂದ 100 ಗ್ರಾಂ ತೂಗುತ್ತದೆ. ಎರಡೂ ಒಂದೇ ಬಗೆಯವಾದರೆ ದೊಡ್ಡದರಲ್ಲಿ ಸುಮಾರು ಹತ್ತು ಪಟ್ಟು ಬುತ್ತಿ ಇದೆ ಎಂದಾಯಿತು.

ಬುತ್ತಿಯನ್ನು ಮಿಲಿಆಂಪಿಯರ್-ಗಂಟೆಯಲ್ಲಿ ಅಳೆಯುತ್ತಾರೆ. ಸಾಧಾರಣ ಸಣ್ಣ ಸೆಲ್ಲಿಗೆ ಇದು ಸುಮಾರು 500, ದೊಡ್ಡದಕ್ಕೆ ಸುಮಾರು 5000. ನಮ್ಮ ಹಣೆದೀಪ 100 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ.

ಸಣ್ಣ ಸೆಲ್ಲು: 500 ÷ 100 = 5 ಗಂಟೆ.
ದೊಡ್ಡ ಸೆಲ್ಲು: 5000 ÷ 100 = 50 ಗಂಟೆ.

ರಾತ್ರಿಗೆ ಮೂರು ಗಂಟೆ ಬಳಸಿದರೆ ಸಣ್ಣವು ಎರಡನೇ ರಾತ್ರಿಯೇ ಕೈಕೊಡುತ್ತವೆ. ದೊಡ್ಡವು ಎರಡು ವಾರ ದಾಟುತ್ತವೆ. ಕೊನೆಕೊನೆಗೆ ಬೆಳಕು ಮಂಕಾಗುವುದರಿಂದ ಲೆಕ್ಕಕ್ಕಿಂತ ಸ್ವಲ್ಪ ಮೊದಲೇ ಸೆಲ್ಲು ಬದಲಿಸಬೇಕು. ದೊಡ್ಡ ಸೆಲ್ಲಿನ ಬೆಲೆ ಹೆಚ್ಚು, ನಿಜ. ಆದರೆ ಸಣ್ಣದರ ಹತ್ತು ಪಟ್ಟು ಇರುವುದಿಲ್ಲ. ನಿಮ್ಮೂರಿನ ಅಂಗಡಿಯಲ್ಲಿ ಬೆಲೆ ಕೇಳಿ, ಗಂಟೆಗಳಿಂದ ಭಾಗಿಸಿ. ಒಂದು ಗಂಟೆಯ ಬೆಳಕಿಗೆ ಎಷ್ಟು ಖರ್ಚು ಎಂಬುದು ತಿಳಿಯುತ್ತದೆ.

ಆದರೆ ಮೂರು ದೊಡ್ಡ ಸೆಲ್ಲು ಸೇರಿದರೆ ಕಾಲು ಕೆಜಿಗೂ ಮೇಲೆ. ಹಣೆಯ ಮೇಲೆ ಇಟ್ಟರೆ ಕತ್ತು ನೋಯುತ್ತದೆ. ಆದ್ದರಿಂದ ದೀಪ ಹಣೆಯ ಮೇಲಿರಲಿ, ಬ್ಯಾಟರಿ ಸೊಂಟಕ್ಕೆ ಇಳಿಯಲಿ.

ಬೇಕಾಗುವ ಸಾಮಗ್ರಿಗಳು

ಮೂರು ಸಣ್ಣ ಸೆಲ್ಲು ಹಾಕುವ ಹಣೆದೀಪ, ಮೂರು ದೊಡ್ಡ ಸೆಲ್ಲು, 40 ಮಿಲಿಮೀಟರ್ ಪಿವಿಸಿ ಪೈಪಿನ 20 ಸೆಂಟಿಮೀಟರ್ ತುಂಡು, ಅದಕ್ಕೆ ಎರಡು ಮುಚ್ಚಳ, ಹಳೆಯ ಟಾರ್ಚಿನ ಸ್ಪ್ರಿಂಗ್, ಒಂದು ತಗಡಿನ ಬಿಲ್ಲೆ, ಒಂದೂವರೆ ಮೀಟರ್ ಜೋಡಿ ವೈರು, 1 ಆಂಪಿಯರ್ ಫ್ಯೂಸ್, ಇನ್ಸುಲೇಷನ್ ಟೇಪು.

ಮಾಡುವ ವಿಧಾನ

1. ಪೈಪು ಕೊಳ್ಳುವಾಗ ಒಂದು ಸೆಲ್ಲನ್ನು ಒಳಗೆ ಇಳಿಸಿ ನೋಡಿ. ಸರಾಗವಾಗಿ ಜಾರಬೇಕು.

2. ಒಂದು ಮುಚ್ಚಳದ ಒಳಗೆ ಬಿಲ್ಲೆಯನ್ನೂ ಇನ್ನೊಂದರ ಒಳಗೆ ಸ್ಪ್ರಿಂಗನ್ನೂ ಕೂರಿಸಿ. ಮುಚ್ಚಳಗಳಲ್ಲಿ ಸಣ್ಣ ತೂತು ಮಾಡಿ ಒಂದೊಂದು ವೈರನ್ನು ಒಳಗೆ ತಂದು ಬೆಸುಗೆ ಹಾಕಿಸಿ. ಬಿಲ್ಲೆಯ ಕಡೆಯದು ಧನ, ಸ್ಪ್ರಿಂಗಿನ ಕಡೆಯದು ಋಣ. ಧನ ವೈರಿನ ನಡುವೆ ಫ್ಯೂಸ್ ಇರಲಿ. ವೈರು ಉಜ್ಜಿ ಒಂದಕ್ಕೊಂದು ತಾಗಿದರೆ ಫ್ಯೂಸ್ ಹೋಗುತ್ತದೆ, ವೈರು ಸುಡುವುದಿಲ್ಲ.

3. ಹಣೆದೀಪದ ಸಣ್ಣ ಸೆಲ್ಲುಗಳನ್ನು ತೆಗೆಯಿರಿ. ಅವು ಕೂರುವ ಜಾಗದಲ್ಲಿ ಎಲ್‌ಇಡಿ ಕಡೆಗೆ ಸಂಪರ್ಕ ಹೋಗಿರುವ ಪಟ್ಟಿಗಳು ಎರಡೇ ಇರುತ್ತವೆ. ಉಳಿದವು ಸೆಲ್ಲಿನಿಂದ ಸೆಲ್ಲಿಗೆ ಕೊಂಡಿ ಅಷ್ಟೇ. ಆ ಎರಡಕ್ಕೆ ಧನಕ್ಕೆ ಧನ, ಋಣಕ್ಕೆ ಋಣ ಎಂದು ವೈರು ಸೇರಿಸಿ. ತಿರುಗುಮುರುಗಾದರೆ ಎಲ್‌ಇಡಿ ಬೆಳಗುವುದಿಲ್ಲ.

4. ಮೂರು ದೊಡ್ಡ ಸೆಲ್ಲುಗಳನ್ನು ಧನ ತುದಿ ಬಿಲ್ಲೆಯ ಕಡೆಗೆ ಬರುವಂತೆ ಪೈಪಿನೊಳಗೆ ಇಳಿಸಿ ಮುಚ್ಚಿ. ವೈರನ್ನು ಬೆನ್ನಿನ ಮೇಲಿಂದ ತಂದು ಪೈಪನ್ನು ಹಳೆಯ ಬಟ್ಟೆಯ ಚೀಲದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಬಹುದು.

ಒಂದು ತೊಡಕು

ಇಲ್ಲಿ ಒಂದು ಸೂಕ್ಷ್ಮವಿದೆ. ಕೋಶದ ಒಳಗೂ ಪ್ರವಾಹಕ್ಕೆ ಅಡ್ಡಿ ಇರುತ್ತದೆ. ಅದು ಆಂತರಿಕ ರೋಧ. ಸಣ್ಣ ಸೆಲ್ಲಿನಲ್ಲಿ ಅದು ಹೆಚ್ಚು, ದೊಡ್ಡದರಲ್ಲಿ ಕಡಿಮೆ. ಅಗ್ಗದ ಕೆಲವು ಹಣೆದೀಪಗಳಲ್ಲಿ ಪ್ರವಾಹವನ್ನು ಹಿಡಿದಿಡಲು ಬೇರೆ ಏನನ್ನೂ ಇಟ್ಟಿರುವುದಿಲ್ಲ, ಸಣ್ಣ ಸೆಲ್ಲಿನ ಈ ಅಡ್ಡಿಯನ್ನೇ ನಂಬಿರುತ್ತಾರೆ. ಅಂಥ ದೀಪಕ್ಕೆ ದೊಡ್ಡ ಸೆಲ್ಲು ಕೊಟ್ಟರೆ, ವೋಲ್ಟ್ ಅಷ್ಟೇ ಇದ್ದರೂ, ಹೆಚ್ಚು ಪ್ರವಾಹ ನುಗ್ಗಿ ಎಲ್‌ಇಡಿ ಬಿಸಿಯಾಗುತ್ತದೆ.

ಕಂಡುಹಿಡಿಯುವುದು ಸುಲಭ. ಮಲ್ಟಿಮೀಟರಿನಿಂದ ಮೊದಲು ಹೊಸ ಸಣ್ಣ ಸೆಲ್ಲುಗಳ ಪ್ರವಾಹವನ್ನು, ನಂತರ ದೊಡ್ಡವುಗಳ ಪ್ರವಾಹವನ್ನು ಅಳೆಯಿರಿ. ಎರಡನೆಯದು ಬಹಳ ಹೆಚ್ಚಿದ್ದರೆ ಧನ ವೈರಿನಲ್ಲಿ 4.7 ಓಮ್, ಅರ್ಧ ವ್ಯಾಟಿನ ಒಂದು ರೋಧಕ ಸೇರಿಸಿ ಮತ್ತೆ ಅಳೆಯಿರಿ. ಅದರ ಮೇಲೆ ಹಳದಿ, ನೇರಳೆ, ಬಂಗಾರದ ಪಟ್ಟಿಗಳಿರುತ್ತವೆ. ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.

ಬಿಸಿಲಿಗಿಟ್ಟರೆ ಸೆಲ್ಲು ತುಂಬುವುದೇ?

ಮುಗಿದ ಸೆಲ್ಲನ್ನು ಹೆಂಚಿನ ಮೇಲೆ ಒಣಗಿಸುವುದನ್ನು ನೀವು ನೋಡಿರಬಹುದು. ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ, ದೀಪ ಸ್ವಲ್ಪ ಹೊತ್ತು ಮತ್ತೆ ಬೆಳಗುತ್ತದೆ. ಆದರೆ ಸವೆದ ಸತು ಮರಳಿ ಬರುವುದಿಲ್ಲ. ಅಂಥ ಸೆಲ್ಲನ್ನು ನಂಬಿ ರಾತ್ರಿ ಹೊಲಕ್ಕೆ ಹೋಗಬಾರದು.

ಎಚ್ಚರಿಕೆ

* ಹಳೆಯ ಮತ್ತು ಹೊಸ ಸೆಲ್ಲುಗಳನ್ನು ಅಥವಾ ಬೇರೆ ಬೇರೆ ಬಗೆಯವನ್ನು ಬೆರೆಸಬೇಡಿ. ಮೊದಲು ಮುಗಿದದ್ದು ಸೋರಲು ತೊಡಗುತ್ತದೆ.
* ಸಾಧಾರಣ ಸೆಲ್ಲನ್ನು ಚಾರ್ಜ್ ಮಾಡಬೇಡಿ, ಒಡೆಯಬೇಡಿ, ಒಲೆಗೆ ಹಾಕಬೇಡಿ.
* ಚಾರ್ಜ್ ಮಾಡುವ ಹಣೆದೀಪಗಳಲ್ಲಿ, ಮೊಬೈಲುಗಳಲ್ಲಿ ಹೆಚ್ಚಾಗಿ ಲಿಥಿಯಂ ಬ್ಯಾಟರಿ ಇರುತ್ತದೆ. ಅದನ್ನು ಬಿಚ್ಚಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಮೇಲಿನ ವಿಧಾನ ಆ ದೀಪಗಳಿಗಲ್ಲ.
* ಪೈಪು ಕೊಯ್ಯುವುದು, ಬೆಸುಗೆ ಹಾಕುವುದು ದೊಡ್ಡವರ ಕೆಲಸ.
* ದೀಪ ಎಷ್ಟೇ ಚೆನ್ನಾಗಿದ್ದರೂ ಗಂಬೂಟು ಹಾಕಿ, ಕೋಲು ಹಿಡಿದೇ ಹೊಲಕ್ಕೆ ಹೋಗಲು ಮನೆಯವರಿಗೆ ಹೇಳಿ.

ಆ ಹುಡುಗ ಮುಂದಿನ ಬಾರಿ ಹೊಸ ಹಣೆದೀಪ ತಂದಿದ್ದ. ನಾವಿಬ್ಬರೂ ಸೇರಿ ಪೈಪಿನ ಬ್ಯಾಟರಿ ಮಾಡಿದೆವು. ಅಳೆದಾಗ ಪ್ರವಾಹ ಏರಿದ್ದರಿಂದ ರೋಧಕವನ್ನೂ ಸೇರಿಸಿದೆವು. ಈಗ ಅವನ ತಂದೆ ಅದನ್ನು ಕಟ್ಟಿಕೊಂಡೇ ತೋಟಕ್ಕೆ ಹೋಗುತ್ತಾರೆ. ಸೆಲ್ಲು ಹಾಕಿದ ತಾರೀಖನ್ನು ಹುಡುಗ ಪೈಪಿನ ಮೇಲೆ ಬರೆದಿಡುತ್ತಾನೆ. ಹದಿನಾಲ್ಕನೇ ರಾತ್ರಿ ಆದ ಮೇಲೆ, ಬೆಳಕು ಇನ್ನೂ ಚೆನ್ನಾಗಿದ್ದರೂ, ಹೊಸ ಸೆಲ್ಲು ಹಾಕುತ್ತಾನೆ. ಬಿಚ್ಚಿದ ಸೆಲ್ಲುಗಳು ಗೋಡೆ ಗಡಿಯಾರಕ್ಕೆ ಇನ್ನೂ ಸಾಕಲ್ಲವೇ ಎಂದು ಮೊನ್ನೆ ಕೇಳಿದ. ಗಡಿಯಾರಕ್ಕೆ ಬೇಕಾದ ಪ್ರವಾಹ ಬಹಳ ಕಡಿಮೆ, ಆದರೆ ದೊಡ್ಡ ಸೆಲ್ಲು ಅದರೊಳಗೆ ಕೂರುವುದಿಲ್ಲ. ಏನು ಮಾಡಬೇಕೆಂದು ನೀವೇ ಯೋಚಿಸಿ, ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ. ಎಷ್ಟು ವೋಲ್ಟ್ ಬೇಕು ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಿ!