ತಂತಿ ಯಾರದು, ವಿದ್ಯುತ್ ಯಾರದು

ಬ್ರಿಟನ್ನಿನ ನಗರಗಳಲ್ಲಿ ಟ್ರಾಲಿ ಬಸ್ಸು ಬಾಳಿದ್ದು ಅರವತ್ತೊಂದು ವರ್ಷಗಳಿಗೂ ಕೊಂಚ ಕಡಿಮೆ. 1911ರ ಜೂನ್‌ನಲ್ಲಿ ಲೀಡ್ಸ್ ಮತ್ತು ಬ್ರಾಡ್‌ಫರ್ಡ್ ನಗರಗಳು ಅದನ್ನು ರಸ್ತೆಗಿಳಿಸಿದವು. 1972ರ ಮಾರ್ಚ್ 26ರಂದು ಬ್ರಾಡ್‌ಫರ್ಡ್‌ನಲ್ಲೇ ದೇಶದ ಕೊನೆಯ ಸೇವೆ ನಿಂತಿತು. ಈ ಅವಧಿಯಲ್ಲಿ ಸುಮಾರು ಐವತ್ತು ಊರುಗಳು ಅದನ್ನು ನೆಚ್ಚಿಕೊಂಡಿದ್ದವು. ಉತ್ತುಂಗದಲ್ಲಿದ್ದಾಗ ಲಂಡನ್ ಒಂದರಲ್ಲೇ 1,700ಕ್ಕೂ ಹೆಚ್ಚು ಟ್ರಾಲಿ ಬಸ್ಸುಗಳಿದ್ದವು, ಜಗತ್ತಿನಲ್ಲೇ ದೊಡ್ಡ ಜಾಲ ಅದಾಗಿತ್ತು. ಇಷ್ಟು ದೊಡ್ಡ ವ್ಯವಸ್ಥೆ ಏಕೆ ಅಳಿಯಿತು ಎಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ತಂತಿಗೆ ಕಟ್ಟುಬಿದ್ದ ಬಸ್ಸು, ಎಲ್ಲಿಗೆ ಬೇಕಾದರೂ ಹೋಗಬಲ್ಲ ಡೀಸೆಲ್ ಬಸ್ಸಿನ ಮುಂದೆ ಸೋತಿತು. ಈ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಮುಖ್ಯ ಸಂಗತಿಯನ್ನೇ ಮರೆಮಾಡುತ್ತದೆ. ಯಂತ್ರ ಸೋತಿರಲಿಲ್ಲ. ವಿದ್ಯುತ್ ತಯಾರಿಸುವವರೂ ಬಸ್ಸು ಓಡಿಸುವವರೂ ಒಬ್ಬರೇ ಆಗಿದ್ದ ಏರ್ಪಾಡು ಮುರಿದುಬಿದ್ದದ್ದೇ ಅದರ ಅವನತಿಯ ದೊಡ್ಡ ಕಾರಣ ಎಂಬುದು ನನ್ನ ವಾದ.

ಮೊದಲು ಯಂತ್ರವನ್ನೇ ನೋಡೋಣ. ಟ್ರಾಂ ಗಾಡಿಗೆ ತಲೆಯ ಮೇಲೆ ಒಂದೇ ತಂತಿ ಸಾಕು. ವಿದ್ಯುತ್ತು ಮೋಟಾರನ್ನು ಹಾದು ಉಕ್ಕಿನ ಚಕ್ರಗಳ ಮೂಲಕ ಹಳಿಗೆ ಇಳಿದು ಹಿಂದಿರುಗುತ್ತದೆ. ಟ್ರಾಲಿ ಬಸ್ಸಿನದು ರಬ್ಬರ್ ಟೈರು, ಅದು ವಿದ್ಯುತ್ತನ್ನು ನೆಲಕ್ಕೆ ಬಿಡುವುದಿಲ್ಲ. ಆದ್ದರಿಂದ ಬರಲೊಂದು, ಹೋಗಲೊಂದು ಎಂದು ಎರಡು ತಂತಿ ಬೇಕು, ಚಾವಣಿಯ ಮೇಲೆ ಎರಡು ಉದ್ದನೆಯ ಕೋಲುಗಳು ಬೇಕು. ಸ್ಪ್ರಿಂಗುಗಳು ಕೋಲನ್ನು ಮೇಲಕ್ಕೆ ಒತ್ತುತ್ತವೆ. ತುದಿಯಲ್ಲಿ ತಿರುಗುವ ತಲೆ, ಅದರೊಳಗೆ ತಂತಿಯನ್ನು ಸವರುತ್ತಾ ಸಾಗುವ ಇಂಗಾಲದ ತುಂಡು. ಕೋಲುಗಳು ಪಕ್ಕಕ್ಕೂ ಬಾಗುವುದರಿಂದ ಬಸ್ಸು ತಂತಿಯ ನೇರಕ್ಕಿಂತ ನಾಲ್ಕು ಮೀಟರಿನಷ್ಟು ಆಚೀಚೆ ಸರಿದು, ನಿಂತ ಲಾರಿಯನ್ನು ಬಳಸಿ ಹೋಗಬಲ್ಲದು, ಕಾಲುದಾರಿಯ ಅಂಚಿಗೇ ಬಂದು ಪ್ರಯಾಣಿಕರನ್ನು ಹತ್ತಿಸಿಕೊಳ್ಳಬಲ್ಲದು. ತಂತಿಯಲ್ಲಿ ಹರಿಯುವುದು ಸುಮಾರು 550ರಿಂದ 600 ವೋಲ್ಟಿನ ಏಕಮುಖ ವಿದ್ಯುತ್. ಡೀಸೆಲ್ ಎಂಜಿನ್ನಿಗೆ ಬಲ ಬರಬೇಕಾದರೆ ಅದು ಮೊದಲು ತಿರುಗುತ್ತಿರಬೇಕು, ಹಾಗಾಗಿ ಕ್ಲಚ್ಚು, ಗೇರು ಎಲ್ಲ ಬೇಕು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ತನ್ನ ಪೂರ್ಣ ತಿರುಚುಬಲವನ್ನು ಕೊಡುತ್ತದೆ. ಏರುದಾರಿಗಳ ಬ್ರಾಡ್‌ಫರ್ಡ್‌ನಲ್ಲಿ ಜನ ತುಂಬಿದ ಎರಡಂತಸ್ತಿನ ಬಸ್ಸು ದಿಣ್ಣೆಯ ನಡುವೆ ನಿಂತು, ಸದ್ದಿಲ್ಲದೆ ಮತ್ತೆ ಮೇಲೇರುತ್ತಿದ್ದುದು ಇದರಿಂದಲೇ. ಕೆಲವು ಮಾದರಿಗಳಂತೂ ಇಳಿಜಾರಿನಲ್ಲಿ ಬ್ರೇಕು ಹಾಕುವಾಗ ಹುಟ್ಟಿದ ವಿದ್ಯುತ್ತನ್ನು ತಂತಿಗೇ ಮರಳಿಸುತ್ತಿದ್ದವು. ಇಂದು ಬ್ಯಾಟರಿ ವಾಹನಗಳ ಜಾಹೀರಾತಿನಲ್ಲಿ ಹೊಗಳಿಸಿಕೊಳ್ಳುವ ಈ ಗುಣ 1930ರ ದಶಕದಲ್ಲೇ ರಸ್ತೆಯಲ್ಲಿತ್ತು.

ಈ ಯಂತ್ರ ಬೇರೂರಿದ್ದು ಮಾತ್ರ ಲೆಕ್ಕದ ಪುಸ್ತಕದಲ್ಲಿ. ಬ್ರಿಟನ್ನಿನಲ್ಲಿ ಸ್ವಂತ ವಿದ್ಯುದಾಗಾರ ಕಟ್ಟಿ ಜನರಿಗೆ ವಿದ್ಯುತ್ ಪೂರೈಸಿದ ಮೊದಲ ನಗರಾಡಳಿತ ಇದೇ ಬ್ರಾಡ್‌ಫರ್ಡ್‌ನದು, 1889ರಲ್ಲಿ. ಆಮೇಲೆ ಹಲವು ಊರುಗಳು ಅದೇ ದಾರಿ ಹಿಡಿದವು. ಆದರೆ ಆ ದಿನಗಳ ವಿದ್ಯುದಾಗಾರಗಳಿಗೆ ಒಂದು ತೊಡಕಿತ್ತು. ದೀಪ ಹೊತ್ತುವ ಸಂಜೆ ಬೇಡಿಕೆ ಏರುತ್ತದೆ, ಹಗಲೆಲ್ಲ ಯಂತ್ರಗಳ ಬಹುಪಾಲು ಶಕ್ತಿ ಸುಮ್ಮನೆ ಬಿದ್ದಿರುತ್ತದೆ. ಉಳಿದ ವಿದ್ಯುತ್ತನ್ನು ಕೂಡಿಡುವಂತಿಲ್ಲ. ಮುಂಜಾನೆಯಿಂದ ರಾತ್ರಿಯವರೆಗೆ ಓಡುವ ಟ್ರಾಂ ಈ ಖಾಲಿ ಹೊತ್ತನ್ನು ತುಂಬಿತು. 1920ರ ದಶಕದ ಹೊತ್ತಿಗೆ ಹಳಿಗಳು ಸವೆದು ಹೋದವು, ಹೊಸದಾಗಿ ಹಾಕಲು ವಿಪರೀತ ಖರ್ಚು. ಆಗ ಟ್ರಾಂ ಬಿಟ್ಟು ಪೆಟ್ರೋಲ್ ಬಸ್ಸಿಗೆ ಹೋದರೆ ನಗರ ತನ್ನದೇ ವಿದ್ಯುದಾಗಾರದ ದೊಡ್ಡ ಗಿರಾಕಿಯನ್ನು ಕಳೆದುಕೊಂಡಂತೆ. ಹಳಿ ಕಿತ್ತು, ಕಂಬ, ಕೇಬಲ್ಲು, ಉಪಕೇಂದ್ರಗಳನ್ನು ಉಳಿಸಿಕೊಂಡು, ಒಂದು ತಂತಿಯ ಜಾಗದಲ್ಲಿ ಎರಡು ಕಟ್ಟಿದರೆ ಹಣ ಮನೆಯಲ್ಲೇ ಉಳಿಯುತ್ತದೆ. ಸಾರಿಗೆ ವಿಭಾಗ ಕಟ್ಟಿದ ಬಿಲ್ಲು ವಿದ್ಯುತ್ ವಿಭಾಗದ ಆದಾಯವಾಗುತ್ತಿತ್ತು, ಎರಡರ ಒಡೆತನವೂ ಒಂದೇ ಊರಿನದು. ಉರಿಸುವ ಕಲ್ಲಿದ್ದಲೂ ದೇಶದ್ದೇ. ಹಡಗಿನಲ್ಲಿ ಬರುವ ತೈಲದ ಹಂಗಿಲ್ಲ. ಯುದ್ಧದ ನಡುವೆಯೇ, 1942ರಲ್ಲಿ, ಕಾರ್ಡಿಫ್ ಹೊಸದಾಗಿ ಟ್ರಾಲಿ ಬಸ್ಸು ಆರಂಭಿಸಿತು.

1948ರ ಏಪ್ರಿಲ್ 1ರಂದು ಈ ಗಂಟು ಬಿಚ್ಚಿಹೋಯಿತು. ಹಿಂದಿನ ವರ್ಷದ ವಿದ್ಯುತ್ ಕಾಯಿದೆಯಂತೆ ನಗರಗಳ ವಿದ್ಯುದಾಗಾರಗಳೆಲ್ಲ ರಾಷ್ಟ್ರೀಕರಣಗೊಂಡವು. ದೇಶದ ವಿದ್ಯುತ್ ವ್ಯವಸ್ಥೆಗೆ ಅದು ಬೇಕಾಗಿದ್ದ ಸುಧಾರಣೆ. ಆದರೆ ಆ ದಿನದಿಂದ ನಗರದ ಸಾರಿಗೆ ವಿಭಾಗ ಇತರರಂತೆ ಒಬ್ಬ ಗ್ರಾಹಕ ಮಾತ್ರವಾಯಿತು. ಬಿಲ್ಲಿನ ಹಣ ಊರಿನ ಬೊಕ್ಕಸಕ್ಕೆ ಮರಳುವುದು ನಿಂತಿತು. ಕಂಬ, ತಂತಿಗಳ ನಿರ್ವಹಣೆಯ ಹೊರೆ ಮಾತ್ರ ಸಾರಿಗೆಯ ತಲೆಯ ಮೇಲೇ ಉಳಿಯಿತು. ಇದರ ಜೊತೆಗೆ ಕಾನೂನಿನ ಹಳೆಯ ತೊಡರೊಂದಿತ್ತು: ಟ್ರಾಲಿ ಬಸ್ಸು ಟ್ರಾಮಿನ ಸಂತಾನವಾದ್ದರಿಂದ ಹೊಸ ಮಾರ್ಗಕ್ಕೆ ಸಂಸತ್ತಿನ ಅಧಿಕಾರ ಬೇಕು. ಡೀಸೆಲ್ ಬಸ್ಸಿಗೆ ಪರವಾನಗಿ ಸಾಕು. ಊರಾಚೆ ಹೊಸ ಬಡಾವಣೆಗಳು ಎದ್ದಾಗ ಯಾವುದು ಅಲ್ಲಿಗೆ ಮೊದಲು ಮುಟ್ಟಿತೆಂದು ಬೇರೆ ಹೇಳಬೇಕಿಲ್ಲ.

ಇಲ್ಲಿ ಗಟ್ಟಿಯಾದ ಆಕ್ಷೇಪಣೆಯೊಂದು ಏಳುತ್ತದೆ. ಲಂಡನ್ ಸಾರಿಗೆ ಸಂಸ್ಥೆಗೆ ರಾಷ್ಟ್ರೀಕರಣದ ನಂತರವೂ ಸ್ವಂತ ವಿದ್ಯುದಾಗಾರಗಳಿದ್ದವಲ್ಲ, ಅದೇಕೆ 1959ರಿಂದ 1962ರೊಳಗೆ ಎಲ್ಲ ಟ್ರಾಲಿ ಬಸ್ಸುಗಳನ್ನೂ ತೆಗೆಯಿತು? ಒಪ್ಪಲೇಬೇಕು, ಅಲ್ಲಿನ ಕಾರಣ ಬೇರೆ. ಆ ಸಂಸ್ಥೆಯ ಬಳಿ ಸಾವಿರಾರು ಡೀಸೆಲ್ ಬಸ್ಸುಗಳಿದ್ದವು. ಎರಡು ಬಗೆಯ ವಾಹನಕ್ಕೆ ಎರಡು ಬಗೆಯ ದುರಸ್ತಿ ಏರ್ಪಾಡು ಇಟ್ಟುಕೊಳ್ಳುವುದಕ್ಕಿಂತ ಎಲ್ಲವನ್ನೂ ಒಂದೇ ಬಗೆಗೆ ತರುವುದು ಅದಕ್ಕೆ ಲಾಭವೆನಿಸಿತು. ರೂಟ್‌ಮಾಸ್ಟರ್ ಎಂಬ ಪ್ರಸಿದ್ಧ ಕೆಂಪು ಬಸ್ಸು ಬಂದದ್ದೇ ಟ್ರಾಲಿ ಬಸ್ಸಿನ ಜಾಗ ತುಂಬಲು. ಆದರೆ ಲಂಡನ್ ಕೈಬಿಟ್ಟದ್ದರ ಪೆಟ್ಟು ಲಂಡನ್ನಿಗಿಂತ ಇತರ ಊರುಗಳಿಗೆ ಬಿತ್ತು. ಅತಿ ದೊಡ್ಡ ಗಿರಾಕಿ ಹೋದ ಮೇಲೆ ಕಾರ್ಖಾನೆಗಳಿಗೆ ಈ ವಾಹನ ಕಟ್ಟುವುದು ಗಿಟ್ಟಲಿಲ್ಲ. ಬ್ರಿಟನ್ನಿನ ರಸ್ತೆಗಾಗಿ ತಯಾರಾದ ಕೊನೆಯ ಹೊಸ ಟ್ರಾಲಿ ಬಸ್ಸುಗಳು 1962ರಲ್ಲಿ ಬೋರ್ನ್‌ಮತ್‌ಗೆ ಬಂದವು, ಅಲ್ಲಿಂದಾಚೆ ಇಲ್ಲ. ಅಂದರೂ ಯಂತ್ರ ಹಳಸಿರಲಿಲ್ಲ ಎನ್ನಲು ಎರಡು ಪುರಾವೆಗಳಿವೆ. ಲಂಡನ್ ಯುದ್ಧಾನಂತರ ಕೊಂಡಿದ್ದ ನೂರಕ್ಕೂ ಹೆಚ್ಚು ಟ್ರಾಲಿ ಬಸ್ಸುಗಳನ್ನು ಸ್ಪೇನಿನ ನಗರಗಳು ಕೊಂಡು ಹಲವು ವರ್ಷ ದುಡಿಸಿಕೊಂಡವು. ಬ್ರಾಡ್‌ಫರ್ಡ್ ಕೂಡ ಒಂದೊಂದೇ ಊರು ಮುಚ್ಚಿದಂತೆ ಅವುಗಳ ಹಳೆಯ ಬಸ್ಸುಗಳನ್ನು ಕೊಂಡೇ ಕೊನೆಯವರೆಗೆ ಸೇವೆ ನಡೆಸಿತು.

ತಂತಿಯ ಬಿಗಿತದ ಆಕ್ಷೇಪಣೆಯೂ ಹಗುರವಲ್ಲ. 1960ರ ದಶಕದಲ್ಲಿ ಬ್ರಿಟಿಷ್ ಊರುಗಳು ಕಾರಿಗಾಗಿ ತಮ್ಮ ನಡುಭಾಗವನ್ನೇ ಕೆಡವಿ ಕಟ್ಟಿದವು. ಏಕಮುಖ ರಸ್ತೆ, ಹೊಸ ವೃತ್ತ, ವರ್ತುಲ ರಸ್ತೆ ಬಂದಾಗಲೆಲ್ಲ ತಂತಿ ಕಿತ್ತು ಕಟ್ಟಬೇಕಾಯಿತು. ಕೋಲು ತಂತಿಯಿಂದ ಜಾರಿದರೆ ನಿರ್ವಾಹಕ ಉದ್ದದ ಬಿದಿರು ಹಿಡಿದು ಮತ್ತೆ ಸಿಕ್ಕಿಸುವವರೆಗೆ ಬಸ್ಸು ಕದಲದು. ಆದರೆ ಇದೇ ಬಿಗಿತ, ಇದೇ ಕೋಲು ಸ್ವಿಟ್ಜರ್ಲೆಂಡಿನಲ್ಲೂ ಇತ್ತು. ಜ್ಯೂರಿಕ್, ಬರ್ನ್, ಲೊಸಾನ್‌ಗಳಲ್ಲಿ ಟ್ರಾಲಿ ಬಸ್ಸು ಇಂದಿಗೂ ಓಡುತ್ತಿದೆ. ಜ್ಯೂರಿಕ್‌ನ ವಿದ್ಯುತ್ ಸಂಸ್ಥೆಯ ಒಡೆತನ ನಗರದ್ದೇ ಎಂಬುದು ಕಾಕತಾಳೀಯವೆಂದು ನನಗನಿಸುವುದಿಲ್ಲ. ಅಮೆರಿಕದಲ್ಲಿ ಬಹುತೇಕ ಊರುಗಳು ಇದನ್ನು ಕೈಬಿಟ್ಟರೂ ಸಿಯಾಟಲ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಉಳಿಸಿಕೊಂಡವು. ಎರಡೂ ಕಡಿದಾದ ದಿಣ್ಣೆಗಳ ಊರು, ಎರಡಕ್ಕೂ ತಮ್ಮದೇ ಜಲವಿದ್ಯುತ್ತಿದೆ. ಒಡೆತನವೊಂದೇ ಸಾಕೆಂದೂ ಹೇಳಲಾಗದು. ಮುಂಬಯಿಯ ಬೆಸ್ಟ್ ಸಂಸ್ಥೆ ವಿದ್ಯುತ್ತನ್ನೂ ಬಸ್ಸನ್ನೂ ಒಟ್ಟಿಗೆ ನಡೆಸುತ್ತಿತ್ತು, ಆದರೂ ಅಲ್ಲಿನ ಟ್ರಾಲಿ ಬಸ್ಸು ಬದುಕಿದ್ದು 1962ರಿಂದ 1971ರವರೆಗೆ ಮಾತ್ರ. ಗೋವಾಲಿಯಾ ಟ್ಯಾಂಕ್‌ನಿಂದ ಮಝಗಾಂವ್ ಡಾಕ್‌ವರೆಗಿನ ಒಂದೇ ಮಾರ್ಗ, ಬೆರಳೆಣಿಕೆಯ ಬಸ್ಸುಗಳು. ಅಷ್ಟಕ್ಕಾಗಿ ಪ್ರತ್ಯೇಕ ತಂತಿ, ಉಪಕೇಂದ್ರ, ತರಬೇತಾದ ಕೆಲಸಗಾರರನ್ನು ಇಟ್ಟುಕೊಂಡರೆ ಖರ್ಚು ಎಂದೂ ಹೊಂದದು. ಒಡೆತನದ ಜೊತೆಗೆ ಜಾಲವೂ ದೊಡ್ಡದಿರಬೇಕು.

ತಂತಿಯ ಬಿಗಿತಕ್ಕೆ ಈಗ ತಾಂತ್ರಿಕ ಪರಿಹಾರವೂ ಸಿಕ್ಕಿದೆ. ದಾರಿಯ ಒಂದು ಭಾಗದಲ್ಲಷ್ಟೇ ತಂತಿ ಕಟ್ಟಿ, ಬಸ್ಸು ಅದರಡಿ ಓಡುತ್ತಲೇ ಸಣ್ಣ ಬ್ಯಾಟರಿಗೆ ವಿದ್ಯುತ್ ತುಂಬಿಕೊಂಡು, ಉಳಿದ ದಾರಿಯನ್ನು ಕೋಲು ಇಳಿಸಿಕೊಂಡು ಮುಗಿಸುತ್ತದೆ. ಟನ್ನುಗಟ್ಟಲೆ ಬ್ಯಾಟರಿ ಹೊರುವ ಬಸ್ಸಿಗಿಂತ ಹಗುರ, ಚಾರ್ಜಿಗಾಗಿ ಗಂಟೆಗಟ್ಟಲೆ ನಿಲ್ಲಬೇಕಾಗಿಲ್ಲ. ಬ್ರಾಡ್‌ಫರ್ಡ್ ಮುಚ್ಚಿದ 1972ರಲ್ಲೇ ತನ್ನ ಟ್ರಾಲಿ ಬಸ್ಸನ್ನು ಮುಚ್ಚಿದ್ದ ಪ್ರಾಗ್ ನಗರ 2017ರಲ್ಲಿ ಇಂಥ ಬಸ್ಸನ್ನು ಏರುದಾರಿಯಲ್ಲಿ ಪರೀಕ್ಷಿಸಿ, 2024ರಲ್ಲಿ ವಿಮಾನ ನಿಲ್ದಾಣದವರೆಗೆ ತಂತಿ ಎಳೆಯಿತು. ಲೀಡ್ಸ್ ಕೂಡ ಟ್ರಾಲಿ ಬಸ್ಸನ್ನು ಮರಳಿ ತರಲು ವರ್ಷಗಟ್ಟಲೆ ಯೋಜನೆ ಹಾಕಿತು, ದೀರ್ಘ ಸಾರ್ವಜನಿಕ ವಿಚಾರಣೆಯೂ ನಡೆಯಿತು. ಆದರೆ ಅದಕ್ಕೆ ಅನುಮತಿ ಕೊಡುವ ಅಧಿಕಾರ ನಗರದ ಕೈಯಲ್ಲಿರಲಿಲ್ಲ. 2016ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅದನ್ನು ತಿರಸ್ಕರಿಸಿತು.