ಸ್ವಂತ ದುಡಿಮೆ ಮತ್ತು ಸರಕಾರದ ನೆರವು

ಸರಕಾರ ಕೊಟ್ಟರೆ ಜನ ಸೋಮಾರಿಗಳಾಗುವರೇ? ಚುನಾವಣೆ ಬಂತೆಂದರೆ ನಮ್ಮ ಬ್ರಹ್ಮಾವರದ ಪೇಟೆಯಲ್ಲಿ ಇದೇ ಚರ್ಚೆ. ಉತ್ತರ ಮಾತ್ರ ಕೊಟ್ಟ ಪಕ್ಷವನ್ನು ನೋಡಿಕೊಂಡು ಬದಲಾಗುತ್ತದೆ. 2019ರಲ್ಲಿ ಕೇಂದ್ರದ ಭಾಜಪ ಸರಕಾರವು ರೈತರಿಗೆ ವರ್ಷಕ್ಕೆ 6,000 ರೂಪಾಯಿ ಕೊಡತೊಡಗಿದಾಗ ಅದನ್ನು ಸಮ್ಮಾನವೆಂದವರು, 2023ರಲ್ಲಿ ರಾಜ್ಯದ ಕಾಂಗ್ರೆಸ್ ಸರಕಾರವು ಮನೆಯೊಡತಿಗೆ ತಿಂಗಳಿಗೆ 2,000 ಕೊಟ್ಟಾಗ ಬಿಟ್ಟಿ ಎಂದರು. ಆಚೆಯವರೂ ಕಡಿಮೆಯಿಲ್ಲ, ಮೊದಲನೆಯದು ಮತಕ್ಕೆ ಲಂಚ, ಎರಡನೆಯದು ಹಕ್ಕು ಎಂದರು.

ಗೆಳತಿಯೊಬ್ಬಳ ತಾಯಿಗೆ ಈ ಹಣ ಬಂದಾಗ ನಾನೂ ಬಿಟ್ಟಿಯೆಂದು ನಕ್ಕಿದ್ದೆ. ಕೇಳಿದ ಅಜ್ಜ ನಮ್ಮ ಗದ್ದೆಯ ಕಥೆ ಹೇಳಿದರು. ಅವರು ಚಾಲಗೇಣಿ ಒಕ್ಕಲು. ಧಣಿಗೆ ಗೇಣಿಯ ಅಕ್ಕಿಮುಡಿ ಹೊತ್ತು ಹಾಕಿದರೂ ಮರುವರ್ಷ ಗದ್ದೆ ಉಳಿಯುವ ಭರವಸೆಯಿಲ್ಲ. ದುಡಿಮೆಗೇನೂ ಕೊರತೆಯಿರಲಿಲ್ಲ, ಅದರ ಫಲಕ್ಕೆ ಭದ್ರತೆಯಿರಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸು ಸರಕಾರದ ಭೂಸುಧಾರಣೆಯು ಅದನ್ನು ಒದಗಿಸಿತು. ಆದರೆ ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯಲ್ಲಿ ಧಣಿಯೆದುರು ನಿಂತು ಗೇಣಿಯನ್ನು ರುಜುವಾತುಪಡಿಸಬೇಕಾದವನು ಒಕ್ಕಲೇ. ಅಂಜಿ ಸುಮ್ಮನಿದ್ದವರು ಗದ್ದೆ ಕಳೆದುಕೊಂಡರು. ಕಾನೂನು, ಧೈರ್ಯ ಇವೆರಡರಲ್ಲಿ ಒಂದೇ ಇದ್ದರೆ ಗದ್ದೆ ನಮ್ಮದಾಗುತ್ತಿರಲಿಲ್ಲ.

ಗೆಳತಿಯ ತಾಯಿ ಈಗಲೂ ಬೆಳಗಾಗುತ್ತಲೇ ಗೇರುಬೀಜದ ಕಾರ್ಖಾನೆಗೆ ಹೊರಡುತ್ತಾರೆ. ಆ ಎರಡು ಸಾವಿರ ಮಗಳ ಬಸ್ಸಿಗೂ ಪುಸ್ತಕಕ್ಕೂ ಹೋಗುತ್ತದೆ.