ಕೈಕೆಲಸಕ್ಕೊಂದು ಮೂಲೆ

ಮನೆಯಲ್ಲಿ ಯಜಮಾನರ ಗಾಡಿಗೆ ಜಾಗವಿದೆ. ಮಕ್ಕಳ ಪುಸ್ತಕಗಳಿಗೆ ಕಪಾಟಿದೆ. ದೇವರಿಗೊಂದು ಕೋಣೆ, ಅಕ್ಕಿ ರಾಗಿ ಮೂಟೆಗೆ ಉಗ್ರಾಣ, ಟಿ.ವಿ.ಗೆ ನಡುಮನೆಯ ಒಳ್ಳೆಯ ಗೋಡೆ. ಮನೆಯೊಡತಿ ಹಾಕುತ್ತಿರುವ ಕಸೂತಿಗೆ ಮಾತ್ರ ಮಂಚದ ಕೆಳಗಿನ ಹಳೆಯ ಸೂಟ್‌ಕೇಸೇ ಗತಿ. ಅದನ್ನು ಹೊರಗೆಳೆಯುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಇಲ್ಲವೇ ಬಾಗಿಲಲ್ಲಿ ಯಾರೋ "ಅಮ್ಮಾ" ಅನ್ನುತ್ತಾರೆ!

"ನಮ್ಮನೇಲಿ ಕಾಲಿಡೋಕೇ ಜಾಗ ಇಲ್ಲ, ಇನ್ನು ಹವ್ಯಾಸ ಎಲ್ಲಿಂದ ಬರಬೇಕು ರೀ?" ಎಂದು ಕೇಳುವ ಸೋದರಿಯರು ಬಹಳ. ಕೇಳುವುದರಲ್ಲಿ ತಪ್ಪಿಲ್ಲ. ಆದರೂ ಒಮ್ಮೆ ಲೆಕ್ಕ ಹಾಕಿ ನೋಡೋಣ. ಕಸೂತಿಯ ಬಳೆ ಹಿಡಿಯಲು ಬೇಕಾದದ್ದು ನಮ್ಮ ಮಡಿಲಷ್ಟೇ ಜಾಗ. ಉಲ್ಲನ್ ಹೆಣೆಯಲು ಅದೂ ಬೇಡ. ವೈರ್ ಬುಟ್ಟಿಗೆ ಒಂದು ಚಾಪೆ ಸಾಕು. ಹಾಗಾದರೆ ಕೊರತೆ ಯಾವುದರದು? ಕೆಲಸ ಮಾಡುವ ಜಾಗದ್ದಲ್ಲ, ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳುವ ಜಾಗದ್ದು. ನಮಗೆ ಸಿಗುವುದು ಮಧ್ಯಾಹ್ನದ ಒಂದು ಗಂಟೆ. ಬಿಚ್ಚಿ ಹರಡಲು ಹತ್ತು ನಿಮಿಷ, ಸುತ್ತಿ ಕಟ್ಟಿಡಲು ಹತ್ತು ನಿಮಿಷ. ಬಣ್ಣದ ದಾರ ಗಂಟಾಯಿತು, ಸೂಜಿ ಸಿಗಲಿಲ್ಲ ಎಂದರೆ ಇನ್ನೊಂದು ಹತ್ತು. ನಾಲ್ಕು ದಿನ ಹೀಗೆ ಒದ್ದಾಡಿ ಐದನೆಯ ದಿನ "ಆಮೇಲೆ ನೋಡೋಣ" ಎನ್ನುತ್ತೇವೆ. ಎಷ್ಟೋ ಮನೆಗಳಲ್ಲಿ ಆ "ಆಮೇಲೆ" ಇನ್ನೂ ಬಂದಿಲ್ಲ.

ಅರಸೀಕೆರೆ ಕಡೆಯ ಹಳೆಯ ಮನೆಗಳನ್ನು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾದೀತು. ಅಲ್ಲಿ ಅಟ್ಟ ಎಂದರೆ ಕೊಬ್ಬರಿಯ ಅಟ್ಟ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದಾಗ ಗುಡುಗುಡು ಸದ್ದು ಮಾಡುವ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳಾದರೂ ಬೇಕು. ಅಷ್ಟು ದಿನವೂ ಅಟ್ಟ ಭರ್ತಿ. ಮನೆಯ ಬದುಕೇ ಅಲ್ಲಿ ಒಣಗುತ್ತಿರುವಾಗ "ನನ್ನ ಡಬ್ಬಿ ಇಡೋಕೆ ಸ್ವಲ್ಪ ಜಾಗ ಕೊಡಿ" ಎಂದು ಕೇಳುವ ಧೈರ್ಯ ಯಾವ ಸೊಸೆಗೆ ಬಂದೀತು?

ಹೀಗಿದ್ದರೂ ಅಟ್ಟ ತುಂಬಿದ ಇಂಥ ಮನೆಗಳಿಗೆ ಹೊಂದುವ ಕಲೆಯೊಂದಿದೆ. ಅದು ನಮ್ಮ ಹಳೆಯ ಮೈಸೂರು ಸೀಮೆಯ ಹೆಂಗಸರು ಮದುವೆ, ಸೀಮಂತಗಳಿಗೆ ಮಾಡುವ ಕೊಬ್ಬರಿ ಕೆತ್ತನೆ. ಒಡಕಿಲ್ಲದ ದಪ್ಪ ಬಟ್ಟಲನ್ನು ಆರಿಸಿ, ಮೇಲಿನ ಕಂದು ಸಿಪ್ಪೆಯನ್ನು ಹೆರೆದು, ಪೆನ್ಸಿಲಿನಲ್ಲಿ ಕಮಲವನ್ನೋ ಗಿಳಿಯನ್ನೋ ಬರೆದುಕೊಂಡು, ಸಣ್ಣ ಚೂಪು ಚಾಕುವಿನಿಂದ ಬಿಡಿಸುತ್ತಾರೆ. ಇದಕ್ಕೆ ಕಾರ್ಖಾನೆ ಬೇಡ, ಮೇಜೂ ಬೇಡ. ಒಂದು ಮಣೆ, ಒಂದು ಹರಿವಾಣ, ಕಿಟಕಿಯ ಬೆಳಕು ಇದ್ದರಾಯಿತು. ಬಲಗೈಯವರಾದರೆ ಬೆಳಕು ಎಡಗಡೆಯಿಂದ ಬೀಳುವಂತೆ ಕೂತುಕೊಳ್ಳಿ, ಚಾಕುವಿನ ಮೇಲೆ ಕೈಯ ನೆರಳು ಬೀಳುವುದಿಲ್ಲ. ತೊಂದರೆ ಬರುವುದು ಎದ್ದುಹೋಗುವಾಗ. ಅರ್ಧ ಕೆತ್ತಿದ ಕೊಬ್ಬರಿಗೆ ಇರುವೆ ಬರುತ್ತದೆ, ಇಲಿ ಬರುತ್ತದೆ, ಇವೆರಡಕ್ಕಿಂತ ಮೊದಲು ಮಕ್ಕಳು ಬರುತ್ತಾರೆ! ಹರಿವಾಣವನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲಿಡಿ. ಬೆಣ್ಣೆ ಗಡಿಗೆಗೆ ನಮ್ಮ ಅಜ್ಜಿಯರು ಮಾಡುತ್ತಿದ್ದ ಉಪಾಯವೇ ಇದು. ರಾತ್ರಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಕೊಬ್ಬರಿ ಚೆನ್ನಾಗಿ ಒಣಗಿದ್ದರೆ ಮಾತ್ರ ಮುಚ್ಚಿ, ಪಸೆ ಇದ್ದರೆ ಬೂಷ್ಟು ಹಿಡಿದು ಕಮಟು ವಾಸನೆ ಬರುತ್ತದೆ.

ಈ ಹರಿವಾಣದ ಉಪಾಯವನ್ನೇ ಎಲ್ಲ ಕೈಕೆಲಸಕ್ಕೂ ಬಳಸಬಹುದು. ನನ್ನನ್ನು ಕೇಳಿದರೆ, ಜಾಗವಿಲ್ಲದವರು ಮೊದಲು ಮಾಡಿಸಿಕೊಳ್ಳಬೇಕಾದದ್ದು ಮೇಜನ್ನಲ್ಲ, ಹಲಗೆಯನ್ನು. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲೈವುಡ್ ತುಂಡಿಗೆ ಸುತ್ತ ಒಂದಂಗುಲದ ಪಟ್ಟಿ ಹೊಡೆಸಿ. ಬಡಗಿಯ ಹತ್ತಿರ ಉಳಿದ ತುಂಡೇ ಸಾಕು. ಒಂದು ಕೆಲಸಕ್ಕೆ ಒಂದು ಹಲಗೆ. ಬಟ್ಟೆ, ದಾರ, ಕತ್ತರಿ, ಅರ್ಧ ಆದ ಹೂವು ಎಲ್ಲವೂ ಹಲಗೆಯ ಮೇಲೆ ಹೇಗಿದೆಯೋ ಹಾಗೇ ಇರಲಿ. ಕುಕ್ಕರ್ ಕೂಗಿದರೆ ಮೇಲೊಂದು ಹಳೆಯ ಪಂಚೆ ಹೊದಿಸಿ, ಹಲಗೆಯನ್ನೇ ಮಂಚದ ಕೆಳಗೆ ಸರಿಸಿಬಿಡಿ. ಬಂದು ಕೂತಾಗ ಸೂಜಿ ಬಿಟ್ಟಲ್ಲೇ ಇರುತ್ತದೆ. ಹಲಗೆ ಮಾಡಿಸುವ ಮೊದಲು ಮಂಚದ ಕೆಳಗಿನ ಎತ್ತರ ಅಳೆಯುವುದನ್ನು ಮರೆಯಬೇಡಿ. ಈಗಿನ ಪೆಟ್ಟಿಗೆ ಮಂಚವಾದರೆ ಕೆಳಗೆ ಸಂದಿಯೇ ಇರುವುದಿಲ್ಲ. ಅಂಥವರು ಬೀರುವಿನ ಪಕ್ಕವನ್ನೋ ಸಜ್ಜದ ತುದಿಯನ್ನೋ ನೋಡಬೇಕು.

ದೊಡ್ಡ ಕೆಲಸಕ್ಕೆ ಇದು ಸಾಲದು ಎನ್ನುತ್ತೀರಾ? ಬೇಲೂರಿನ ದೇವಸ್ಥಾನಕ್ಕೆ ಹೋದಾಗ ಮದನಿಕೆಯರನ್ನು ಸ್ವಲ್ಪ ಬೇರೆ ಕಣ್ಣಿನಿಂದ ನೋಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ ಹೊರಗೆ 38, ಒಳಗೆ 4 ಮದನಿಕೆಯರಿದ್ದಾರೆ. ಇವರು ಗೋಡೆಯಲ್ಲೇ ಕಡೆದವರಲ್ಲ. ಒಬ್ಬೊಬ್ಬಳನ್ನೂ ಬೇರೆ ಕಲ್ಲಿನಲ್ಲಿ ಕಡೆದು, ಆಮೇಲೆ ಸೂರಿನ ಕೆಳಗೆ ಓರೆಯಾಗಿ ಕೂರಿಸಿದ್ದು. ಅಷ್ಟು ದೊಡ್ಡ ಗುಡಿಯ ಕೆಲಸವೂ ಹೀಗೆ ಬಿಡಿಬಿಡಿಯಾಗಿ ನಡೆದಿರುವಾಗ ನಮ್ಮ ಮಂಚದ ಹೊದಿಕೆ ಯಾಕೆ ಒಂದೇ ತುಂಡಾಗಬೇಕು? ಒಂದೊಂದಡಿಯ ಚೌಕಗಳಾಗಿ ಕ್ರೋಷಾ ಹಾಕಿ ಕೊನೆಗೆ ಜೋಡಿಸಿದರೆ ಇಡೀ ಕೆಲಸ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಕೌದಿಯದೂ ಹಾಗೇ. ನೆಲದ ತುಂಬ ಹರಡುವುದು ಜೋಡಿಸುವ ಆ ಎರಡು ದಿನ ಮಾತ್ರ. ಮಕ್ಕಳು ಅಜ್ಜಿ ಮನೆಗೆ ಹೋದ ದಿನವನ್ನು ಅದಕ್ಕಿಟ್ಟುಕೊಳ್ಳಿ.

ಆ ಶಿಲ್ಪಿಗಳಲ್ಲಿ ಕೆಲವರು ವಿಗ್ರಹದ ಕೆಳಗೆ ತಮ್ಮ ಹೆಸರನ್ನೂ ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಇವತ್ತಿಗೂ ಓದಬಹುದು. ನಮ್ಮ ಅಜ್ಜಿಯರು ಕೆತ್ತಿದ ಕೊಬ್ಬರಿಗೆ ಹೆಸರೆಲ್ಲಿತ್ತು? ಆರತಿ ಮುಗಿದ ಮೇಲೆ ಎಷ್ಟೋ ಸಲ ಅದು ಅಡುಗೆಗೇ ಹೋಯಿತು.

ಬೇಲೂರಿನ ಹೆಂಗಸರ ಗೋಳು ಅರಸೀಕೆರೆಯದರಂತಲ್ಲ. ಅರಸೀಕೆರೆಯಲ್ಲಿ ಬಿಸಿಲು ಧೂಳು, ಬೇಲೂರಿನಲ್ಲಿ ಮಳೆ. ಮಲೆನಾಡಿನ ಅಂಚು ನೋಡಿ, ಆಷಾಢದಲ್ಲಿ ಒಗೆದ ಬಟ್ಟೆ ಒಣಗಿಸಲೇ ಜಾಗವಿಲ್ಲದಾಗ ಬಣ್ಣ ಹಚ್ಚಿದ ಗೊಂಬೆಯನ್ನು ಎಲ್ಲಿ ಒಣಹಾಕುವುದು? ಇದೊಂದು ಮಾತನ್ನು ಹೊಸದಾಗಿ ಹವ್ಯಾಸ ಹಿಡಿಯುವವರು ಯೋಚಿಸಿರುವುದಿಲ್ಲ. ಕೆಲಸ ಮಾಡಲು ಮೊಳದಷ್ಟು ಜಾಗ ಸಾಕಾದರೂ ಒಣಗಲು ಮಾರುದ್ದ ಬೇಕು. ಬಟ್ಟೆಯ ಮೇಲಿನ ಚಿತ್ರ, ಕಾಗದದ ರದ್ದಿಯ ಗೊಂಬೆ, ವಾರ್ನಿಷ್ ಹಚ್ಚಿದ ಪೆಟ್ಟಿಗೆ ಯಾವುದೇ ಇರಲಿ, ದಿನಗಟ್ಟಲೆ ಯಾರೂ ಮುಟ್ಟದಂತೆ ಇರಬೇಕು. ಆದರೆ ಒಣಹಾಕುವ ವಿದ್ಯೆ ನಮಗೆ ಹೊಸದೇ? ಸಂಡಿಗೆ ಹಪ್ಪಳವನ್ನು ಕಾಗೆ, ಮಳೆ, ಮೊಮ್ಮಕ್ಕಳು ಮೂವರಿಂದಲೂ ಕಾಪಾಡಿದ ಕೈ ಇದು. ನವರಾತ್ರಿ ಗೊಂಬೆಯ ಕೆಲಸವನ್ನು ಸಂಡಿಗೆಯ ಕಾಲದಲ್ಲೇ, ಅಂದರೆ ಬೇಸಿಗೆಯಲ್ಲೇ ಮುಗಿಸಿಡಿ. ಮಳೆಗಾಲಕ್ಕೆ ಸೂಜಿ ದಾರದ ಕೆಲಸ, ಮಣಿ ಪೋಣಿಸುವುದು, ಹೆಣಿಗೆ. ಜಾಗವಿಲ್ಲದ ಮನೆಯಲ್ಲಿ ಪಂಚಾಂಗವೂ ಒಂದು ಕೋಣೆಯಷ್ಟು ಅನುಕೂಲ ಮಾಡಿಕೊಡುತ್ತದೆ.

ಮಳೆಗಾಲದಲ್ಲಿ ದಾರ, ಉಲ್ಲನ್ ಇಟ್ಟ ಡಬ್ಬಿಯೊಳಗೆ ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಇದ್ದಿಲು ಚೂರು, ಒಣ ಬೇವಿನೆಲೆ ಹಾಕಿಡಿ. ಸೂಜಿ ಕತ್ತರಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ ಒರೆಸಿದರೆ ತುಕ್ಕು ಹಿಡಿಯುವುದಿಲ್ಲ.

ಇನ್ನು ಧೂಳೆಬ್ಬಿಸುವ ಕೆಲಸ. ತೆಂಗಿನ ಕರಟದಿಂದ ಸೌಟು, ಬಟ್ಟಲು, ದೀಪದ ಗೂಡು ಮಾಡುವುದು ನಮ್ಮ ಸೀಮೆಗೆ ಹೇಳಿ ಮಾಡಿಸಿದ ಹವ್ಯಾಸ. ಸಾಮಾನಿಗೆ ಕಾಸೂ ಬೇಡ. ಆದರೆ ಒಣ ಕರಟವನ್ನು ಒಳಗೆ ಕೂತು ಉಜ್ಜಿದರೆ ಆ ನಯವಾದ ಪುಡಿ ಅನ್ನದ ಪಾತ್ರೆಯವರೆಗೂ ಹೋಗುತ್ತದೆ, ಉಬ್ಬಸ ಇರುವವರಿಗಂತೂ ಆಗದು. ನೀರಿಗೆ ಹೆದರದ ಪಾಲಿಷ್ ಪೇಪರ್ ಎಂದು ಕೇಳಿದರೆ ಬಣ್ಣದ ಅಂಗಡಿಯಲ್ಲಿ ಸಿಗುತ್ತದೆ. ಕರಟವನ್ನು ನೆನೆಸಿ, ಬಚ್ಚಲ ಕಲ್ಲಿನ ಹತ್ತಿರ ನೀರು ಹಾಕಿಕೊಂಡೇ ಉಜ್ಜಿ. ಧೂಳು ಏಳುವುದಿಲ್ಲ, ಬರುವ ಕೆಸರನ್ನು ಗಿಡದ ಬುಡಕ್ಕೆ ಸುರಿಯಬಹುದು. ಕೊನೆಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದರೆ ಹೊಳಪು ತಾನಾಗಿ ಬರುತ್ತದೆ.

ಬೇಲೂರಿನಿಂದ ಹತ್ತು ಮೈಲಿ ದೂರದ ಹಳೇಬೀಡಿನಲ್ಲಿ ಬಳಪದ ಕಲ್ಲಿನ ಪುಟ್ಟ ವಿಗ್ರಹಗಳನ್ನು ನೋಡಿ "ನಾನೂ ಒಂದು ಕೆತ್ತಲೇ?" ಎನ್ನಿಸುವುದುಂಟು. ಕೆತ್ತಬಹುದು. ಈ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಹೊಯ್ಸಳೇಶ್ವರದ ಗೋಡೆಯ ಮೇಲೆ ಸರದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾದದ್ದು ಅದಕ್ಕೇ. ಆದರೆ ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಈ ಕೆಲಸಕ್ಕೆ ಮನೆಯೊಳಗೆ ಮೂಲೆ ಹುಡುಕಲೇಬೇಡಿ. ಹಿತ್ತಲಲ್ಲೋ ಜಗಲಿಯ ಹೊರಗೋ ಕೂತು, ಕಲ್ಲನ್ನು ಒದ್ದೆ ಮಾಡುತ್ತಾ, ಧೂಳು ತಡೆಯುವ ಮಾಸ್ಕ್ ಹಾಕಿಕೊಂಡು ಮಾಡಬೇಕು. ಕೈಕೂಸಿರುವ ಮನೆಯಾದರೆ ಸದ್ಯಕ್ಕೆ ಬೇಡವೇ ಬೇಡ.

ಒಂದು ಹಲಗೆ ತುಂಬಿ ಎರಡನೆಯದು ಬೇಕಾದಾಗ ಪೀಠೋಪಕರಣದ ಮಾತು. ಹಿಂದೆ ಶಾನುಭೋಗರು ನೆಲದ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಡೆಸ್ಕು ನೆನಪಿದೆಯೇ? ಮುಚ್ಚಳದ ಮೇಲೆ ಕೆಲಸ, ಮುಚ್ಚಳದೊಳಗೆ ಸಾಮಾನು, ಬೇಕಾದರೆ ಬೀಗ. ಎಷ್ಟೋ ಮನೆಗಳ ಅಟ್ಟದಲ್ಲಿ ಅದು ಈಗಲೂ ಧೂಳು ತಿನ್ನುತ್ತಿದೆ. ಇಳಿಸಿ, ಒರೆಸಿ, ನಿಮ್ಮದು ಮಾಡಿಕೊಳ್ಳಿ. ಕುರ್ಚಿಯ ಮೇಲೆ ಕೂರಬೇಕಾದವರು ಮೂರಡಿ ಉದ್ದದ ಹಲಗೆಯನ್ನು ಕೀಲು ಹಾಕಿಸಿ ಗೋಡೆಗೆ ಜೋಡಿಸಿಕೊಳ್ಳಬಹುದು. ನೆಲದಿಂದ ಎರಡೂವರೆ ಅಡಿ ಎತ್ತರವಿರಲಿ. ಬೇಕಾದಾಗ ಎತ್ತಿ ಕಾಲು ಕೊಡುವುದು, ಬೇಡವಾದಾಗ ಮಡಿಸುವುದು. ಬಾಡಿಗೆ ಮನೆಯಾದರೆ ಮೊಳೆ ಹೊಡೆಯುವ ಮೊದಲು ಮನೆಯ ಮಾಲೀಕರನ್ನು ಒಂದು ಮಾತು ಕೇಳಿ. ಆಮೇಲೆ ಮುಂಗಡದಲ್ಲಿ ಹಿಡಿದುಕೊಂಡಾರು!

ಇಷ್ಟೆಲ್ಲ ಹೇಳಿದರೂ ಕಷ್ಟದ ಭಾಗ ಮರದಲ್ಲೂ ಇಲ್ಲ, ಮೊಳೆಯಲ್ಲೂ ಇಲ್ಲ. ಪರಿಚಯದ ಒಬ್ಬ ಗೃಹಿಣಿಯ ಮನೆಗೆ ದೊಡ್ಡ ಫ್ರಿಜ್ ಬಂತು. ಇಡಲು ಬೇರೆ ಜಾಗವಿಲ್ಲವೆಂದು ಅವರ ಹೊಲಿಗೆ ಯಂತ್ರ ಪಡಸಾಲೆಗೆ, ಅಲ್ಲಿಂದ ಮೆಟ್ಟಿಲ ಕೆಳಗೆ, ಕೊನೆಗೆ ಗುಜರಿಗೆ ಹೋಯಿತು. ಯಾರೂ ಬೈದು ಕಳಿಸಲಿಲ್ಲ. "ನೀನು ಹೇಗೂ ಈಗೀಗ ಹೊಲಿಯೋದಿಲ್ಲವಲ್ಲ" ಎಂದರು, ಅಷ್ಟೇ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಹೊಲಿಯುವುದು ಹೇಗೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಮರದ ಮೇಜಿನ ಯಂತ್ರವನ್ನು ಒಳಗೆ ಇಳಿಸಿ ಮುಚ್ಚಿದರೆ ಮೇಲೆ ತರಕಾರಿ ಹೆಚ್ಚಬಹುದಿತ್ತು, ಮಕ್ಕಳು ಬರೆಯಬಹುದಿತ್ತು. ಅದನ್ನೂ ಯಾರೂ ಯೋಚಿಸಲಿಲ್ಲ. ಈಗ ಅವರು ರವಿಕೆಗೆ ಗುಂಡಿ ಹಾಕಿಸಲೂ ಪೇಟೆಗೆ ಹೋಗುತ್ತಾರೆ.

ಅದಕ್ಕೇ ಹೇಳುವುದು, ಕೇಳುವಾಗ ಸ್ಪಷ್ಟವಾಗಿ ಕೇಳಿ. "ನನಗೂ ಸ್ವಲ್ಪ ಜಾಗ ಬೇಕಪ್ಪ" ಎಂದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ. "ಈ ಕಿಟಕಿಯ ಕೆಳಗಿನ ಎರಡಡಿ ನನ್ನದು, ಇಲ್ಲಿಟ್ಟಿದ್ದನ್ನು ಯಾರೂ ಸರಿಸಬಾರದು" ಎಂದರೆ ಕೇಳುತ್ತಾರೆ. ಅತ್ತೆಯವರಿರುವ ಮನೆಯಲ್ಲಿ ಅವರನ್ನೇ ಮೊದಲು ಕೇಳುವುದು ಜಾಣತನ. "ಅತ್ತೆ, ನಿಮ್ಮ ಕಾಲದ ಕೊಬ್ಬರಿ ಕೆತ್ತನೆ ನನಗೂ ಹೇಳಿಕೊಡಿ" ಎಂದು ಕೂತು ನೋಡಿ. ಅವರೇ ಮೊಮ್ಮಕ್ಕಳನ್ನು ಗದರಿಸಿ ಆ ಮೂಲೆಯನ್ನು ಕಾಯುತ್ತಾರೆ. ವಠಾರದಲ್ಲಿರುವವರು ನಾಲ್ಕು ಜನ ಸೇರಿ, ಒಬ್ಬೊಬ್ಬರ ಮನೆಯ ಪಡಸಾಲೆಯಲ್ಲಿ ಒಂದೊಂದು ವಾರ ಎಂದು ಗೊತ್ತುಮಾಡಿಕೊಳ್ಳಬಹುದು. ಊರಿನ ಮಹಿಳಾ ಸಮಾಜಕ್ಕೆ ಸ್ವಂತ ಕಟ್ಟಡವಿದ್ದರೆ ಕೇಳಿ ನೋಡಿ, ಮಧ್ಯಾಹ್ನದ ಹೊತ್ತು ಖಾಲಿ ಇದ್ದರೂ ಇದ್ದೀತು.

ಕೊನೆಯದಾಗಿ ಒಂದು ಎಚ್ಚರಿಕೆ. ಚಿಕ್ಕ ಮನೆಯಲ್ಲಿ ಬಣ್ಣ, ಟರ್ಪೆಂಟೈನ್, ವಾರ್ನಿಷ್ ಇಟ್ಟುಕೊಳ್ಳುವವರು ಒಲೆಯಿಂದ ಮಾತ್ರವಲ್ಲ, ದೇವರ ದೀಪದಿಂದಲೂ ದೂರವಿಡಿ. ಹಚ್ಚುವಾಗ ಕಿಟಕಿ ತೆರೆದಿರಲಿ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಲೇಬಾರದು. ಆ ಎಣ್ಣೆ ಒಣಗುವಾಗ ಕಾವು ಹುಟ್ಟಿ, ಮುದ್ದೆಯಾದ ಬಟ್ಟೆ ಬೆಂಕಿ ಸೋಕದೆಯೇ ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ಅದ್ದಿ, ಹಿತ್ತಲ ತಂತಿಯ ಮೇಲೆ ಒಂಟಿ ಪದರವಾಗಿ ಹರವಿ, ಪೂರ್ತಿ ಗರಿಗರಿ ಒಣಗಿದ ಮೇಲೆ ಕಸಕ್ಕೆ ಹಾಕಿ.